ತಂಗಿಯ ಪ್ರಶಸ್ತಿ, ನಾನು ಕೊಟ್ಟ ಮಾತ್ರೆ

ನನ್ನ ತಂಗಿಗೆ ಅರ್ಜುನ ಪ್ರಶಸ್ತಿ ಬಂದ ವರ್ಷ ನಾನು ಹನ್ನೊಂದು ದಿನ ನೆಟ್ಟಗೆ ಊಟ ಮಾಡಲಿಲ್ಲ. ಖುಷಿಗೇ ಅವನ ಹೊಟ್ಟೆ ತುಂಬಿದೆ ಎಂದು ನಮ್ಮವ್ವ ಬೀದಿಯವರಿಗೆಲ್ಲ ಹೇಳಿಕೊಂಡು ಓಡಾಡುತ್ತಿದ್ದಳು. ಅಲ್ಲ ಎನ್ನಲು ನನಗೆ ಬಾಯಿ ಬರಲಿಲ್ಲ.

ನನ್ನದು ಮದ್ದೂರಿನಲ್ಲಿ, ಮಳವಳ್ಳಿ ರಸ್ತೆಗೆ ಮುಖ ಮಾಡಿರುವ ಒಂದು ಮೆಡಿಕಲ್ ಸ್ಟೋರು. ಇಪ್ಪತ್ತೆರಡು ವರ್ಷದಿಂದ ನಡೆಸುತ್ತಿದ್ದೇನೆ. ಸುತ್ತಲಿನ ಹಳ್ಳಿಯವರು ಡಾಕ್ಟರ ಹತ್ತಿರ ಹೋಗುವ ಮುಂಚೆ ನನ್ನ ಹತ್ತಿರ ಬರುತ್ತಾರೆ, ಹೋಗಿ ಬಂದ ಮೇಲೂ ಬರುತ್ತಾರೆ. ಚೀಟಿಯಲ್ಲಿ ಬರೆದಿರುವುದು ಸರಿಯಾಗಿದೆಯೋ ಎಂದು ನನ್ನನ್ನು ಕೇಳಿಯೇ ಮಾತ್ರೆ ನುಂಗುವವರಿದ್ದಾರೆ. ಅದರಿಂದ ನನಗೆ ಒಂದಿಷ್ಟು ಹಮ್ಮು ಬಂದಿತ್ತು ಎಂದು ಈಗ ಅನ್ನಿಸುತ್ತದೆ.

ತಂಗಿ ನನಗಿಂತ ಹತ್ತು ವರ್ಷ ಚಿಕ್ಕವಳು. ಎರಡು ವರ್ಷ ತುಂಬುವ ಮುಂಚೆ ಜ್ವರ ಬಂದು ಬಲಗಾಲು ಸೋತುಹೋಯಿತು. ಪೋಲಿಯೊ. ಅವಳನ್ನು ಸೊಂಟದ ಮೇಲೆ ಕೂರಿಸಿಕೊಂಡು, ಅವ್ವನ ಹಿಂದೆ ಮಂಡ್ಯದ ಆಸ್ಪತ್ರೆಗೆ ಅಲೆದದ್ದರಲ್ಲೇ ನನ್ನ ಹುಡುಗಾಟದ ವಯಸ್ಸು ಕಳೆಯಿತು. ಅಲ್ಲಿ ಔಷಧಿ ಕೊಡುವ ಕಿಟಕಿಯ ಹಿಂದೆ ನಿಲ್ಲುತ್ತಿದ್ದ ಮನುಷ್ಯ ನನ್ನ ಕಣ್ಣಿಗೆ ಡಾಕ್ಟರಿಗಿಂತ ದೊಡ್ಡವನಾಗಿ ಕಾಣುತ್ತಿದ್ದ. ಮುಂದೆ ನಾನು ಡಿ ಫಾರ್ಮಾ ಓದಿದ್ದಕ್ಕೆ ಬೇರೆ ಕಾರಣವೇನೂ ಇರಲಿಲ್ಲ.

ಅವಳು ನಮ್ಮ ಹಳ್ಳಿಗೆ ಹತ್ತಿರದ ಚಿಕ್ಕರಸಿನಕೆರೆಯ ಹೈಸ್ಕೂಲಿಗೆ ಹೋಗುತ್ತಿದ್ದಳು. ಆಟದ ಪೀರಿಯಡ್ಡಿನಲ್ಲಿ ಮೆಟ್ಟಿಲ ಮೇಲೆ ಕೂತು ಉಳಿದ ಹುಡುಗಿಯರ ಚಪ್ಪಲಿ, ಬ್ಯಾಗು ಕಾಯುವುದು ಅವಳ ಕೆಲಸ. ಒಂದು ದಿನ ಗುಂಡು ಎಸೆತದ ಕಬ್ಬಿಣದ ಗುಂಡು ಉರುಳಿಕೊಂಡು ಅವಳ ಹತ್ತಿರ ಬಂತು. ಕೊಡು ಎಂದು ಪಿ.ಟಿ. ಮೇಷ್ಟ್ರು ದೂರದಿಂದ ಕೈ ಮಾಡಿದರು. ಊರುಗೋಲನ್ನೂ ಗುಂಡನ್ನೂ ಒಟ್ಟಿಗೆ ಹಿಡಿದು ನಡೆಯಲು ಆಗದೆ ಅವಳು ಕೂತಲ್ಲಿಂದಲೇ ಎಸೆದಳು. ಮೇಷ್ಟ್ರು ಎಗರಿ ಪಕ್ಕಕ್ಕೆ ಸರಿಯದೆ ಹೋಗಿದ್ದರೆ ಅವರ ಪಾದ ಅವತ್ತಿಗೆ ಮುಗಿದಿತ್ತು.

“ಸಾಯಿಸ್‌ಬುಡ್ತಿದ್ದಲ್ಲವ್ವಾ!” ಎಂದು ಕೂಗಿದವರು ಗುಂಡು ಬಿದ್ದ ಜಾಗವನ್ನು ನೋಡಿದರು. ಆಮೇಲೆ ಅವಳ ತೋಳು ನೋಡಿದರು. “ಇನ್ನೊಂದ್ ಸತಿ ಎಸಿ. ತಡಿ, ನಾನು ಆ ಕಡೀಕ್ ಓಯ್ತೀನಿ.”

ಕೂತು ಎಸೆಯುವವರಿಗೂ ಸ್ಪರ್ಧೆಗಳಿವೆ ಎಂದು ನಮ್ಮ ಮನೆಗೆ ಬಂದು ಹೇಳಿದವರು ಅವರೇ. ಅದಕ್ಕೆ ಬೇಕಾದ ಕಬ್ಬಿಣದ ಕುರ್ಚಿಯನ್ನು ನನ್ನ ಅಂಗಡಿಯ ಪಕ್ಕದಲ್ಲಿ ವೆಲ್ಡಿಂಗ್ ಕೆಲಸ ಮಾಡುವ ಭಾಯ್, ಮೇಷ್ಟ್ರು ತಂದಿದ್ದ ಒಂದು ಚಿತ್ರ ನೋಡಿಕೊಂಡು ಮಾಡಿಕೊಟ್ಟರು. ನಾಲ್ಕು ಕಾಲನ್ನೂ ನೆಲಕ್ಕೆ ಬಿಗಿಯಲು ಕೊಕ್ಕೆ, ಎಡಗೈಗೆ ಹಿಡಿಯಲು ಒಂದು ಕಂಬಿ. ಮೊದಲನೆಯ ಕುರ್ಚಿ ಅವಳ ಸಮೇತ ಮಗುಚಿಕೊಂಡಿತು. ಎರಡನೆಯದರ ಕಂಬಿ ಬಾಗಿತು. ಮೂರನೆಯದು ನಿಂತಿತು.

ಅಲ್ಲಿಂದ ಇಪ್ಪತ್ತು ವರ್ಷ. ಅವಳಿಗೆ ಮಂಡ್ಯದ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಜಿಲ್ಲೆ, ರಾಜ್ಯ, ದೇಶ ಎಂದು ಒಂದೊಂದೇ ಮೆಟ್ಟಿಲು ಹತ್ತಿದಳು. ಎರಡು ಸಲ ಹೊರದೇಶದಲ್ಲಿ ಪದಕ ಗೆದ್ದಳು. ಮದುವೆಯ ಮಾತೆತ್ತಿದವರಿಗೆ “ಪ್ರಾಕ್ಟೀಸ್ ಐತೆ, ಆಮೇಲ್ ಬನ್ನಿ” ಎಂದು ಹೇಳಿ ಹೇಳಿ ಕಳಿಸಿದಳು; ಕೊನೆಗೆ ಅವರೇ ಬರುವುದನ್ನು ಬಿಟ್ಟರು. ಮೇಷ್ಟ್ರು ನಿವೃತ್ತರಾಗಿ ತಮ್ಮ ಊರು ಬಸರಾಳಿಗೆ ಹೋದರೂ ದಿನಾ ಅವಳಿಗೆ ಫೋನು ಮಾಡಿ, ಎಷ್ಟು ಎಸೆದೆ, ಏನು ತಿಂದೆ ಎಂದು ಕೇಳುವುದನ್ನು ಬಿಡಲಿಲ್ಲ.

ಆ ವರ್ಷ ದೀಪಾವಳಿಗೆ ಅವಳು ಬೆಂಗಳೂರಿನ ತರಬೇತಿ ಶಿಬಿರದಿಂದ ನಾಲ್ಕು ದಿನದ ಮಟ್ಟಿಗೆ ಊರಿಗೆ ಬಂದಿದ್ದಳು. ಇಲ್ಲಿಂದ ನೇರವಾಗಿ ರಾಷ್ಟ್ರಮಟ್ಟದ ಕೂಟಕ್ಕೆ ಹೋಗಬೇಕಿತ್ತು. ಹೊರಡುವ ಹಿಂದಿನ ದಿನ ನೋಡುತ್ತೇನೆ, ಎಡಗಾಲಿನ ಹರಡು ಊದಿಕೊಂಡಿದೆ. ಹೆಬ್ಬೆರಳಿನಿಂದ ಒತ್ತಿದರೆ ಗುಳಿ ಬಿತ್ತು.

“ಬಸ್ಸಲ್ಲಿ ನಿಂತ್ಕೊಂಡ್ ಬಂದ್ಯಾ?” ಎಂದೆ.

“ಇಲ್ಲ ಕಣಣ್ಣ, ಸೀಟಿತ್ತು. ಕಾಲು ಇಳೇಬಿಟ್ಕೊಂಡೇ ಕೂತಿದ್ದೆ. ಅಬ್ಬದ ಕೆಲ್ಸ ಬೇರೆ.”

ನಾನು ಅಂಗಡಿಯಿಂದ ಒಂದು ಪಟ್ಟಿ ಮಾತ್ರೆ ತಂದುಕೊಟ್ಟೆ. ಮೈಯೊಳಗಿನ ನೀರು ಇಳಿಸುವ ಮಾತ್ರೆ. ದಿನಾ ಬೆಳಿಗ್ಗೆ ಒಂದರಂತೆ ಮೂರು ದಿನ ತೆಗೆದುಕೋ ಎಂದೆ. ಅವಳು ಪಟ್ಟಿಯ ಹಿಂಬದಿ ಓದಿ, ಆಯ್ತು ಎಂದು ಬ್ಯಾಗಿಗೆ ಹಾಕಿಕೊಂಡಳು.

ಮೂರನೆಯ ದಿನ ಸಂಜೆ ಅವಳೇ ಫೋನು ಮಾಡಿದಳು. ಇದುವರೆಗೆ ಎಸೆದದ್ದಕ್ಕಿಂತ ಜಾಸ್ತಿ ದೂರ ಹೋಗಿದೆಯಂತೆ. ಗೆದ್ದ ಮೇಲೆ ಉದ್ದೀಪನ ಮದ್ದಿನ ಪರೀಕ್ಷೆಗೆ ಕರೆದುಕೊಂಡು ಹೋಗಿ ಕೂರಿಸಿದರಂತೆ. “ಎರ್ಡ್ ಬಾಟ್ಲು ನೀರ್ ಕುಡುದ್ರೂ ಮೂತ್ರ ಬರ್ಲಿಲ್ಲ ಅಣ್ಣ, ಒಂದು ಮೇಡಂ ಬಾಗ್ಲಲ್ಲೇ ಕಾಯ್ತಾ ನಿಂತಿದ್ರು” ಎಂದು ನಗಾಡಿದಳು.

“ಊತ ಇಳೀತಾ?” ಎಂದೆ.

“ಇಳೀತು, ಇಳೀತು.”

ಮಾರನೆಯ ದಿನ ಭಾಯ್ ಹತ್ತಿರ ಅವಳ ಎಸೆತದ ಸುದ್ದಿ ಹೇಳುವಾಗ ನನ್ನ ಮಾತ್ರೆಯ ಸುದ್ದಿಯನ್ನೂ ಸೇರಿಸಿಯೇ ಹೇಳಿದ್ದೆ.

ಜನವರಿಯ ಮೊದಲಲ್ಲಿ ಪ್ರಶಸ್ತಿಯ ಪಟ್ಟಿ ಬಂತು. ಮಧ್ಯಾಹ್ನ ಟಿ.ವಿ.ಯಲ್ಲಿ ಹೆಸರುಗಳು ಕೆಳಗಡೆ ಓಡುತ್ತಿದ್ದವು. ಭಾಯ್ ಕೈಯಲ್ಲಿದ್ದ ಕೆಲಸ ಬಿಟ್ಟು ಕಪ್ಪು ಕನ್ನಡಕ ಹಣೆಗೇರಿಸಿಕೊಂಡು ಓಡಿಬಂದರು. “ಅಣ್ಣಾ, ಬಂತು! ನಮ್ ಪಾಪು ಎಸ್ರು ಬಂತು!” ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಬಂತು. ಸಂಜೆಯ ಹೊತ್ತಿಗೆ ಅಂಗಡಿಯ ಮುಂದೆ ಐವತ್ತು ಜನ ಸೇರಿದ್ದರು. ಆ ರಾತ್ರಿ ಹೊಟ್ಟೆ ತುಂಬ ಉಂಡಿದ್ದೆ, ನೆನಪಿದೆ.

ಎರಡು ದಿನ ಕಳೆದ ಮೇಲೆ ಪೇಪರಿನಲ್ಲಿ ಅವಳ ಫೋಟೊ ಬಂತು. ಗೋಡೆಗೆ ಅಂಟಿಸೋಣ ಎಂದು ಕತ್ತರಿ ತೆಗೆದುಕೊಂಡೆ. ಅದೇ ಪುಟದ ಕೆಳಗಡೆ ಒಂದು ಸಣ್ಣ ಸುದ್ದಿ ಇತ್ತು. ಬೇರೆ ರಾಜ್ಯದ ಒಬ್ಬ ಭಾರ ಎತ್ತುವವನನ್ನು ಆಟದಿಂದ ಹೊರಗಿಟ್ಟಿದ್ದಾರೆ. ಮನೆಯ ಡಾಕ್ಟರು ಕೊಟ್ಟ ನೀರಿಳಿಸುವ ಮಾತ್ರೆ ಅವನ ಮೂತ್ರದಲ್ಲಿ ಸಿಕ್ಕಿದೆ. ಶಕ್ತಿ ಹೆಚ್ಚಿಸುವ ಮದ್ದೇನಲ್ಲ ಅದು. ಆದರೆ ಬೇರೆ ಮದ್ದನ್ನು ಮೈಯಿಂದ ತೊಳೆದು ಮರೆಮಾಚಲು ಬಳಸುತ್ತಾರೆಂದು ಅದನ್ನೂ ನಿಷೇಧಿಸಿದ್ದಾರೆ. ಬಂದ ಪದಕವನ್ನೂ ವಾಪಸ್ ತೆಗೆದುಕೊಂಡರಂತೆ.

ಮಾತ್ರೆಯ ಹೆಸರನ್ನು ಎರಡು ಸಲ ಓದಿದೆ. ಎದ್ದು ಹೋಗಿ ಶೆಲ್ಫಿನ ಡಬ್ಬಿ ನೋಡಿದೆ. ಅದೇ. ಕತ್ತರಿಯನ್ನು ಡ್ರಾಯರಿಗೆ ಹಾಕಿ ಪೇಪರನ್ನು ಮಡಚಿಟ್ಟೆ.

ಆಮೇಲಿನ ಹನ್ನೊಂದು ದಿನ ತಟ್ಟೆಗೆ ಹಾಕಿದ್ದು ಅರ್ಧ ಹಾಗೇ ಉಳಿಯುತ್ತಿತ್ತು. ಬಂದವರೆಲ್ಲ ಕೈಕುಲುಕುತ್ತಿದ್ದರು. ನಾನು ಮೊಬೈಲಿನಲ್ಲಿ ಪ್ರಶಸ್ತಿಯ ನಿಯಮ ಹುಡುಕುತ್ತಿದ್ದೆ. ಉದ್ದೀಪನ ಮದ್ದಿನ ತನಿಖೆ ನಡೆಯುತ್ತಿರುವವರಿಗೆ ಪ್ರಶಸ್ತಿ ಇಲ್ಲ ಎಂದಿತ್ತು. ಪರೀಕ್ಷೆಯ ಫಲ ಬರುವುದು ಕೆಲವು ಸಲ ತಡವಾಗುತ್ತದೆ ಎಂದು ಇನ್ನೊಂದು ಕಡೆ ಇತ್ತು. ಇಪ್ಪತ್ತು ವರ್ಷ ಆ ಕುರ್ಚಿಗೆ ಮೈ ಕಟ್ಟಿಕೊಂಡು, ಬೆವರು ಸುರಿಸಿ ಅವಳು ಗಳಿಸಿದ್ದನ್ನು ನಾನು ಒಂದು ಪಟ್ಟಿ ಮಾತ್ರೆಯಲ್ಲಿ ಅಳಿಸಿಹಾಕಿದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು. ಶಿಬಿರದಲ್ಲಿದ್ದ ಅವಳಿಗೆ ಫೋನು ಮಾಡಿ ಕೇಳಿಬಿಡಬಹುದಿತ್ತು. ಕೇಳಿದರೆ ಅವಳಿಗೂ ಗೊತ್ತಾಗುತ್ತದೆ, ಅವಳ ನೆಮ್ಮದಿಯೂ ಹೋಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ ನನಗೆ ಧೈರ್ಯವಿರಲಿಲ್ಲ.

ಊರಿನ ಹುಡುಗರು ಮೆರವಣಿಗೆಗೆ ತೆರೆದ ಜೀಪು ಗೊತ್ತು ಮಾಡಿದರು. ದೊಡ್ಡ ಫ್ಲೆಕ್ಸ್ ಬರೆಸಲು ಫೋಟೊ ಕೇಳಲು ಬಂದರು.

“ಪ್ರಶಸ್ತಿ ಕೈಗೆ ಬರ್ಲಿ ತಡೀರಪ್ಪಾ, ಆಮೇಲ್ ನೋಡನ” ಎಂದೆ.

“ಲಿಸ್ಟಲ್ಲಿ ಬಂದ್‌ಮ್ಯಾಲೆ ಇನ್ನೇನಣ್ಣ? ದೃಷ್ಟಿ ಆಯ್ತದೆ ಅಂತ ಭಯನಾ?” ಎಂದು ನಕ್ಕು, ಅವ್ವನ ಹತ್ತಿರ ಫೋಟೊ ಇಸಿದುಕೊಂಡು ಹೋದರು. ಎರಡೇ ದಿನಕ್ಕೆ ಅವಳ ಮುಖ ಮಳವಳ್ಳಿ ರಸ್ತೆಯ ತಿರುವಿನಲ್ಲಿ ನಿಂತಿತು. ಅಂಗಡಿಯ ಬಾಗಿಲಲ್ಲಿ ನಿಂತರೆ ನೇರ ನನ್ನನ್ನೇ ನೋಡುತ್ತಿತ್ತು.

ಭಾಯ್ ಒಂದು ದಿನ ಸುಟ್ಟಗಾಯಕ್ಕೆ ಹಚ್ಚುವ ಮುಲಾಮು ಕೇಳಿದರು. ಕೊಟ್ಟೆ. ಎರಡು ಹೆಜ್ಜೆ ಹೋದವರು ಹಿಂದಕ್ಕೆ ಬಂದರು. “ಏನಣ್ಣ ಇದು? ಕಣ್ಣಿಗ್ ಬುಡೋ ಡ್ರಾಪ್ಸ್ ಕೊಟ್ಟಿದ್ದೀಯಲ್ಲ! ಮೈಗೆ ಉಸಾರಿಲ್ವಾ?” ನಾನು ಏನೋ ಹೇಳಿ ಬದಲಾಯಿಸಿ ಕೊಟ್ಟೆ. ಅಂದಿನಿಂದ ಪ್ರತಿ ಮಾತ್ರೆಯನ್ನೂ ಮೂರು ಮೂರು ಸಲ ನೋಡಿ ಕೊಡತೊಡಗಿದೆ. ಬಂದವರು ಗೊಣಗಿಕೊಂಡು ಕಾಯುತ್ತಿದ್ದರು.

ಒಂದು ಶನಿವಾರ ಮೇಷ್ಟ್ರ ಫೋನು ಬಂತು. ದೆಹಲಿಗೆ ಯಾವತ್ತು ಹೊರಡುತ್ತೀರಿ, ಸ್ವೆಟರ್ ಇದೆಯೇ ಎಂದು ವಿಚಾರಿಸಿ, ಕೊನೆಯಲ್ಲಿ, “ಆ ಡೋಪಿಂಗ್ ಆಫೀಸ್ನೋರಿಂದ ಅವಳಿಗೆ ಏನೋ ಮೇಲ್ ಬಂದದಂತೆ ಕಣ್ಲಾ. ಉದ್ದುಕ್ಕದೆ, ಆಮೇಲ್ ಓದ್ತೀನಿ ಅಂದ್ಲು” ಎಂದರು. ಹವಾಮಾನ ಹೇಳಿದಷ್ಟೇ ಸಲೀಸಾಗಿ ಹೇಳಿದರು.

ಬೆಳಿಗ್ಗೆ ಎದ್ದವನೇ ಅಂಗಡಿ ತೆರೆಯದೆ ಬೈಕ್ ಹತ್ತಿ ಮಂಡ್ಯದ ಮೇಲೆ ಬಸರಾಳಿಗೆ ಹೋದೆ. ದಾರಿಯುದ್ದಕ್ಕೂ ಕಬ್ಬಿನ ಲಾರಿಗಳು. ಮೇಷ್ಟ್ರು ಜಗಲಿಯ ಮೇಲೆ ಹೆಂಡತಿಯ ಜೊತೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

“ಏನ್ಲಾ, ಇಷ್ಟೊತ್ಗೇ ಬಂದ್‌ಬುಟ್ಟೆ? ಅವ್ವ ಚೆಂದಾಗದಾ?”

“ಎಲ್ಲಾ ಚೆಂದಾಗವ್ರೆ ಮೇಷ್ಟ್ರೇ. ನಾನೇ ಒಂದ್ ತೆಪ್ ಮಾಡ್‌ಬುಟ್ಟಿದ್ದೀನಿ.”

ನಿಂತಲ್ಲೇ ಎಲ್ಲವನ್ನೂ ಹೇಳಿದೆ. ಊದಿದ ಕಾಲು, ಮಾತ್ರೆ, ಪೇಪರಿನ ಸುದ್ದಿ. ಮೇಷ್ಟ್ರ ಕೈಯಲ್ಲಿದ್ದ ಅವರೆಕಾಯಿ ಹಾಗೇ ಉಳಿಯಿತು. ಅವರ ಹೆಂಡತಿ ಮೊರವನ್ನು ಎತ್ತಿಕೊಂಡು ಒಳಗೆ ಹೋದರು.

“ನಿನ್ ಕೈಲಿ ಮೆಡಿಕಲ್ಲು ಕೊಟ್ಟೋರ್ ಯಾರ್ಲಾ?” ಎಂದರು ಕೊನೆಗೆ. ಕೂಗಲಿಲ್ಲ. ಕೂಗಿದ್ದರೆ ಚೆನ್ನಾಗಿತ್ತು. “ಬಂದೋರಿಗೆಲ್ಲಾ ಬುದ್ಧಿ ಏಳ್ತೀಯ. ಆಟ ಆಡೋ ಮಗೀಗೆ ಕೇಳ್ದೆ ಮಾತ್ರೆ ಕೊಟ್ಟಿದ್ದೀಯಲ್ಲ.”

“ತೆಪ್ಪಾಯ್ತು.”

“ಅವಳಿಗ್ ಏಳಿದ್ದೀಯಾ?”

“ಇಲ್ಲ. ದೆಹಲಿ ಕಾರ್ಯಕ್ರಮ ಮುಗೀಲಿ ಅಂತ...”

“ಮುಗುದ್‌ಮ್ಯಾಲೆ? ಇಸ್ಕಂಡಿದ್ದ ವಾಪಸ್ ಕೊಡು ಅಂದ್ರೆ ಆ ಮಗ ಯಾರ್ ಮುಂದೆ ತಲೆ ಎತ್ತುತ್ತೆ? ಫೋನ್ ಮಾಡು. ನನ್ ಮುಂದೇನೇ ಮಾಡು. ತೆಪ್ಪಾಗಿದ್ರೆ ನಾವೇ ಮೊದ್ಲು ಓಗಿ ಏಳನ, ಇಂಗಾಯ್ತು ಅಂತ. ಸಿಗಾಕ್ಕಂಡ್‌ಮ್ಯಾಲೆ ಏಳೋದ್ ಬ್ಯಾಡ.”

ಮಾಡಿದೆ. ಎತ್ತಲಿಲ್ಲ. ಅಭ್ಯಾಸದ ಹೊತ್ತು. ಮೇಷ್ಟ್ರ ಹೆಂಡತಿ ಅವರೆಕಾಳಿನ ಉಪ್ಪಿಟ್ಟು ತಂದು ಮುಂದಿಟ್ಟರು. ತಟ್ಟೆ ಹಿಡಿದುಕೊಂಡು ಕೂತಿದ್ದೆ ಅಷ್ಟೆ. ಮೇಷ್ಟ್ರು ಜಗಲಿಯ ಈ ತುದಿಯಿಂದ ಆ ತುದಿಗೆ ಓಡಾಡುತ್ತಿದ್ದರು. ಮುಕ್ಕಾಲು ಗಂಟೆಯ ಮೇಲೆ ಅವಳೇ ವಾಪಸ್ ಫೋನು ಮಾಡಿದಳು. ಮೇಷ್ಟ್ರು ಸ್ಪೀಕರ್ ಹಾಕು ಎಂದು ಸನ್ನೆ ಮಾಡಿದರು.

“ಮಗಾ,” ಎಂದೆ, “ದೀಪಾವಳೀಲಿ ನಾನೊಂದು ಮಾತ್ರೆ ಕೊಟ್ಟಿದ್ನಲ್ಲ, ಊತಕ್ಕೆ...”

“ಊಂ.”

“ಅದು ನೀವು ಆಟಗಾರ್ರು ತಕ್ಕೊಬಾರ್ದಂತೆ ಕಣವ್ವ. ನಂಗೆ ಗೊತ್ತಿರ್ಲಿಲ್ಲ. ಆ ಟೆಸ್ಟಲ್ಲಿ...”

ಅವಳು ಮೆಲ್ಲಗೆ, “ಅಣ್ಣಾ, ನಾನು ಅದ್ನ ನುಂಗ್ಲೇ ಇಲ್ಲ ಕಣಣ್ಣ” ಎಂದಳು.

“ಏನಂದೆ?”

“ನುಂಗ್ಲಿಲ್ಲ. ನಮಗೆ ಏನೇ ತಕ್ಕೊಳೋಕ್ ಮುಂಚೆ ತಂಡದ ಡಾಕ್ಟ್ರಿಗೆ ತೋರಿಸ್ಬೇಕು ಅಂತ ಕಟ್ಟುನಿಟ್ಟು. ತೋರಿಸ್ದೆ. ಅವ್ರು ಎಸ್ರು ನೋಡಿದ್ದೇ ಗಾಬ್ರಿ ಆಗಿ ಕಿತ್ಕೊಂಡು ಬಿಸಾಕುದ್ರು. ಯಾರು ಕೊಟ್ಟಿದ್ದು ಅಂತ ಕೇಳುದ್ರು. ಯಾವ್ದೋ ಅಂಗಡೀಲಿ ತಕ್ಕೊಂಡೆ ಅಂದೆ. ನಮ್ಮಣ್ಣ ಅಂತ ಏಳ್ಲಿಲ್ಲ.”

“ಮತ್ತೆ ಊತ ಇಳೀತು ಅಂದ್ಯಲ್ಲೇ!”

“ಇಳೀತಲ್ಲ. ರೈಲಲ್ಲಿ ಬ್ಯಾಗ್ ಮೇಲೆ ಕಾಲಿಟ್ಕೊಂಡು ಮಲಗಿದ್ದೆ, ಇಳೀತು. ನೀನು ಅಷ್ಟು ಆಸೆಯಿಂದ ಕೇಳ್ತಿದ್ದೆ. ತಕ್ಕೊಳ್ಲಿಲ್ಲ ಅಂದ್ರೆ ಬೇಜಾರ್ ಮಾಡ್ಕೊತೀಯ ಅಂತ ಸುಮ್ನಾದೆ.”

ಮೇಷ್ಟ್ರು ಫೋನಿನ ಹತ್ತಿರ ಬಗ್ಗಿದರು. “ಆ ಮೇಲ್ ಏನವ್ವಾ?”

“ಮೇಷ್ಟ್ರೂ ಅಲ್ಲೇ ಅವ್ರಾ? ಅದಾ, ಮುಂದಿನ್ ಮೂರ್ ತಿಂಗ್ಳು ದಿನಾ ಎಲ್ಲಿರ್ತೀಯ ಅಂತ ಬರ್ದು ಕಳಿಸ್ಬೇಕು. ಯಾವಾಗ್ ಬೇಕಾದ್ರೂ ಬಂದು ಪರೀಕ್ಷೆ ಮಾಡ್ತಾರೆ. ಆ ಕೂಟದ ಟೆಸ್ಟಿಂದು ಏನೂ ಇಲ್ಲ ಅಂತ ಆವಾಗ್ಲೇ ಬಂದಾಯ್ತು. ಅಣ್ಣಾ, ಅಳ್ತಿದ್ದೀಯಾ?”

ಅಳುತ್ತಿದ್ದೆ. ಐವತ್ತರ ಹತ್ತಿರದ ಗಂಡಸು ಬೇರೆಯವರ ಜಗಲಿಯಲ್ಲಿ ಉಪ್ಪಿಟ್ಟಿನ ತಟ್ಟೆ ತೊಡೆಯ ಮೇಲಿಟ್ಟುಕೊಂಡು ಬಿಕ್ಕಿ ಬಿಕ್ಕಿ ಅಳುತ್ತಿದ್ದೆ. ಮೇಷ್ಟ್ರು ಟವೆಲಿನಿಂದ ತಮ್ಮ ಮುಖ ಒರೆಸಿಕೊಂಡು, “ತಿನ್ಲಾ, ಆರೋಯ್ತದೆ” ಎಂದರು. ಆಗಲೇ ಆರಿಹೋಗಿತ್ತು. ಪೂರ್ತಿ ತಿಂದೆ. ಇನ್ನೊಂದು ಸಲ ಹಾಕಿಸಿಕೊಂಡೂ ತಿಂದೆ. ನೆಂಚಿಕೊಳ್ಳಲು ಕೊಟ್ಟಿದ್ದ ಉಪ್ಪಿನಕಾಯಿಯ ರುಚಿ ಇನ್ನೂ ನಾಲಿಗೆಯಲ್ಲಿದೆ.

ವಾಪಸ್ ಬರುವಾಗ ಬಸರಾಳಿನ ಹಳೇ ದೇವಸ್ಥಾನದ ಹತ್ತಿರ ಬೈಕ್ ನಿಲ್ಲಿಸಿ, ಕಲ್ಲಿನ ಕಟ್ಟೆಯ ಮೇಲೆ ಬಿಸಿಲಿಗೆ ಬೆನ್ನು ಕೊಟ್ಟು ಕೂತೆ. ಹೊಯ್ಸಳರ ಕೆತ್ತನೆ ನೋಡಲು ಬಂದ ಯಾರೋ ಇಬ್ಬರು ನನ್ನನ್ನು ಅಲ್ಲಿಯವನೆಂದು ತಿಳಿದು ಏನೇನೋ ಕೇಳಿದರು. ನನಗೆ ತಿಳಿದಷ್ಟನ್ನೂ ತಿಳಿಯದಷ್ಟನ್ನೂ ಖುಷಿಯಿಂದ ಹೇಳಿದೆ.

ಮನೆಗೆ ಹೋಗಿ ಅವ್ವನಿಗೆ ಎಲ್ಲ ತಿಳಿಸಿದೆ. ಅವಳು ಬೈಯುತ್ತಾಳೆಂದುಕೊಂಡಿದ್ದೆ. ಅವಳ ಯೋಚನೆ ಬೇರೆ ಕಡೆ ಹೋಯಿತು. “ಅಂಗಾರೆ ನಾನು ಡಬ್ಬಿ ತುಂಬ ಕೊಟ್ಟಿದ್ದ ಕಷಾಯದ್ ಪುಡೀನೂ ಬಿಸಾಕವ್ಳೆ ಬುಡು! ಕುಡುದೆ ಕಣವ್ವ, ಗಂಟ್ಲು ಸರಿಯೋಯ್ತು ಅಂದ್ಲಲ್ಲ ಕಳ್ಳಿ!” ಎಂದು ಎರಡು ದಿನ ಮುನಿಸಿಕೊಂಡಿದ್ದಳು.

ದೆಹಲಿಗೆ ನಾನೂ ಅವ್ವನೂ ಹೋದೆವು. ಮೊಳಕೈವರೆಗೆ ಹೆಪ್ಪುಗಟ್ಟುವ ಚಳಿ. ಹಿಂದಿನ ದಿನ ತಾಲೀಮು ಇತ್ತು. ಎಷ್ಟು ಹೆಜ್ಜೆ ನಡೆಯಬೇಕು, ಎಲ್ಲಿ ತಿರುಗಬೇಕು, ಯಾವ ಕೈಯಲ್ಲಿ ಏನು ಹಿಡಿಯಬೇಕು ಎಂದು ಅಧಿಕಾರಿಗಳು ಹೇಳಿಕೊಟ್ಟರಂತೆ. ಊರುಗೋಲು ಹಿಡಿದರೆ ಪ್ರಶಸ್ತಿಯ ಜೊತೆ ಕೊಡುವ ಅರ್ಜುನನ ಮೂರ್ತಿ ಹಿಡಿಯಲು ಕೈಯಿಲ್ಲ. ಗಾಲಿಕುರ್ಚಿಯಲ್ಲಿ ಹೋಗುತ್ತೇನೆ, ಆದರೆ ಯಾರೂ ತಳ್ಳುವುದು ಬೇಡ ಎಂದು ಅವಳು ಕೇಳಿಕೊಂಡಿದ್ದಳು. ಒಪ್ಪಿದ್ದರು.

ರಾಷ್ಟ್ರಪತಿ ಭವನದ ಆ ಹಜಾರದಲ್ಲಿ ನಮ್ಮ ಜಾಗ ಹಿಂದಿನ ಸಾಲಿನಲ್ಲಿತ್ತು. ಅವಳ ಹೆಸರು ಕೂಗಿದಾಗ ಅವ್ವ ನನ್ನ ತೋಳು ಗಟ್ಟಿಯಾಗಿ ಹಿಡಿದುಕೊಂಡಳು. ತಂಗಿ ಬ್ಲೇಜರ್ ತೊಟ್ಟು, ತನ್ನ ಕೈಯಿಂದಲೇ ಚಕ್ರ ತಿರುಗಿಸಿಕೊಂಡು ಕೆಂಪು ಹಾಸಿನ ಮೇಲೆ ಮುಂದಕ್ಕೆ ಹೋದಳು. ರಾಷ್ಟ್ರಪತಿಗಳು ಬಗ್ಗಿ ಪದಕ ಸಿಕ್ಕಿಸಿ, ಮೂರ್ತಿ ಕೊಟ್ಟು, ಏನೋ ಮಾತಾಡಿದರು. ಚಪ್ಪಾಳೆ ತುಂಬಿಕೊಂಡಿತು. ನನಗೆ ಹೆಮ್ಮೆಗಿಂತ ಮೊದಲು ಬಂದದ್ದು ಒಂದು ದೊಡ್ಡ ಉಸಿರು. ಎದೆಯ ಮೇಲಿಂದ ಯಾರೋ ಮೂಟೆ ಇಳಿಸಿದ ಹಾಗಿತ್ತು.

ಹೊರಗೆ ಬಂದ ಮೇಲೆ ಅವ್ವ ಕೇಳಿದಳು, “ರಾಷ್ಟ್ರಪತಿಗಳು ಏನ್ ಕೇಳುದ್ರವ್ವಾ?”

“ಯಾವೂರು ಅಂತ ಕೇಳುದ್ರು. ಇಂಗ್ಲೀಷಲ್ಲಿ ಒಂದ್ ವಾರ ಕಲ್ತಿದ್ದೆಲ್ಲ ಮರ್ತೋಯ್ತು. ‘ಮದ್ದೂರ್ ಪಕ್ಕ’ ಅಂದ್‌ಬುಟ್ಟೆ.”

ಮೂವರೂ ಅಲ್ಲೇ ನಿಂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

ರೈಲಿನಲ್ಲಿ, ಅವ್ವ ನಿದ್ದೆ ಹೋದ ಮೇಲೆ, ಮನಸ್ಸಿನಲ್ಲಿ ಚುಚ್ಚುತ್ತಿದ್ದುದನ್ನು ಕೇಳಿಯೇಬಿಟ್ಟೆ. “ನನ್ ಮ್ಯಾಲೆ ನಂಬ್ಕೆ ಇರ್ಲಿಲ್ವಾ?”

ಅವಳು ಕಿತ್ತಳೆ ಸುಲಿಯುತ್ತಿದ್ದಳು. “ನಿನ್ ಮೇಲೆ ಇತ್ತು. ಮಾತ್ರೆ ಮೇಲಿರ್ಲಿಲ್ಲ” ಎಂದಳು. ಸಿಪ್ಪೆಯನ್ನು ಪೇಪರಿನಲ್ಲಿ ಸುತ್ತಿಟ್ಟು, “ಸುಳ್ಳು ಏಳ್ಬಾರ್ದಿತ್ತು ಅಣ್ಣ. ಆವತ್ತೇ ಏಳಿದ್ರೆ ನಿಂಗೆ ಇಷ್ಟು ಸಂಕ್ಟ ಇರ್ತಿರ್ಲಿಲ್ಲ” ಎಂದು ಅರ್ಧ ಹಣ್ಣನ್ನು ನನ್ನ ಕೈಗೆ ಹಾಕಿದಳು.

ಮದ್ದೂರಿನಲ್ಲಿ ಜೀಪು, ತಮಟೆ, ಹಾರ ಎಲ್ಲ ಕಾದಿದ್ದವು. ಭಾಯ್ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನೂ ಕರೆದುಕೊಂಡು ಬಂದಿದ್ದರು. ಮೇಷ್ಟ್ರನ್ನು ಜೀಪಿಗೆ ಹತ್ತಿಸಲು ನಾಲ್ಕು ಜನ ಬೇಕಾಯಿತು; ಬೇಡ ಬೇಡ ಎಂದವರು ಹತ್ತಿದ ಮೇಲೆ ಇಳಿಯಲೇ ಇಲ್ಲ. ಊರು ತಲುಪುವ ಹೊತ್ತಿಗೆ ಮಧ್ಯಾಹ್ನ ತಿರುಗಿತ್ತು. ಎಲ್ಲರೂ ಉಂಡು ಚದುರಿದರು. ತಂಗಿ ಬ್ಲೇಜರ್ ಕಳಚಿ ಅವ್ವನ ಕೈಗೆ ಕೊಟ್ಟು, ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗಿದ್ದೇ ಗೊರಕೆ ಹೊಡೆಯತೊಡಗಿದಳು. ಅಂಗಡಿ ತೆರೆಯಬೇಕು ಎಂದುಕೊಂಡೆ. ಬೀಗದ ಕೈಯನ್ನು ಜೇಬಿನಿಂದ ತೆಗೆದು ಕಿಟಕಿಯ ಮೇಲಿಟ್ಟು, ನಾನೂ ಜಗಲಿಯ ಮೇಲೆ ಟವೆಲ್ ಹಾಸಿಕೊಂಡು ಅಡ್ಡಾದೆ.